ಅಂಟು

ಶನಿವಾರ ರಾತ್ರಿ ನನ್ನ ಪಾಲಿಗೆ ಬರುವುದು
ಗೆಲುವೂ ಅಲ್ಲ, ಸೋಲೂ ಅಲ್ಲ,
ಎಂಬತ್ತೆಂಟು ಜೊತೆ ಒದ್ದೆ ಕಾಲುಚೀಲ.

ಕ್ಯಾನ್ಸಸ್ಸಿನ ಗೋಧಿ ಬಯಲ ನಡುವೆ ನಮ್ಮ ಕಾಲೇಜು;
ಫುಟ್‌ಬಾಲ್ ಮೈದಾನದ ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಕೋಣೆಯಲ್ಲಿ
ನಾಲ್ಕು ವಾಷಿಂಗ್ ಮಷೀನು, ಎರಡು ಡ್ರೈಯರು, ನಾನು.
ಹುಡುಗರು ಮಿಸ್ ಆರ್ಡಿತ್ ಅನ್ನುತ್ತಾರೆ,
ಬಾಗಿಲಲ್ಲೇ ಟೋಪಿ ತೆಗೆಯುತ್ತಾರೆ.
ಅದು ಕೋಚ್ ಕ್ರೇಗರ್ ಕಲಿಸಿದ ಶಿಸ್ತು.

ಶಿಸ್ತಿಗೇನು ಬರವಿಲ್ಲ ನಮ್ಮಲ್ಲಿ.
ನಾಲ್ಕು ನಿಮಿಷ ತಡವಾದವನನ್ನು ಬಿಟ್ಟೇ ಹೊರಡುತ್ತದೆ ಬಸ್ಸು.
ಒಬ್ಬ ಕ್ಲಾಸು ತಪ್ಪಿಸಿದರೆ ಬೆಳಿಗ್ಗೆ ಐದೂವರೆಗೆ
ಎಲ್ಲರೂ ಓಡಬೇಕು, ವಾಂತಿ ಬರುವ ತನಕ.
ಗೋಡೆಯ ಮೇಲೆ ಆಳೆತ್ತರದ ಅಕ್ಷರ:
ಒಬ್ಬನ ತಪ್ಪು ಎಲ್ಲರ ತಪ್ಪು.
ಆ ಗೋಡೆ ಒರೆಸುವವಳೂ ನಾನೇ.

ಆ ಶನಿವಾರದ ರಾಶಿಯಲ್ಲಿ ನಮ್ಮದಲ್ಲದ ಒಂದು ಜೆರ್ಸಿ ಇತ್ತು.
ಬಿಳಿ. ಹನ್ನೊಂದನೇ ನಂಬರು.
ಎದೆಯಿಂದ ಹೊಕ್ಕುಳ ತನಕ ಕತ್ತರಿ ಆಡಿತ್ತು.
ಭುಜ ಎತ್ತಲಾಗದ ಹುಡುಗನ ಮೈಯಿಂದ
ಮೈದಾನದಲ್ಲೇ ಕತ್ತರಿಸಿ ತೆಗೆದಿದ್ದರು.
ಸೀಟಿ ಊದಿ ಆಗಿತ್ತು. ಚೆಂಡು ಬಿಟ್ಟು
ಎರಡು ಹೆಜ್ಜೆ ನಡೆದಿದ್ದ ಅವನು.
ಆಮೇಲೆ ಬಂದು ಬಡಿದವನು ನಮ್ಮ ಐವತ್ತೆರಡು,
ಮಾರ್ಕೀಸ್ ಹೋಲ್ಬ್ರುಕ್.
ರೆಫರಿಗೆ ಕಾಣಲಿಲ್ಲ. ಕಂಡವರು ಎದ್ದು ನಿಂತು ಕೂಗಿದರು.
ನಾನೂ ಎದ್ದಿದ್ದೆ; ಸುಳ್ಳು ಯಾಕೆ ಹೇಳಲಿ.

ಭಾನುವಾರ ವಿಡಿಯೋ ಹಾಕಿ ಕೋಚ್ ಆ ಹೊಡೆತವನ್ನು
ಮೂರು ಸಲ ತೋರಿಸಿ, ಮೂರು ಸಲವೂ ನಕ್ಕು,
ಮಾರ್ಕೀಸನ ಹೆಲ್ಮೆಟ್ಟಿಗೆ ತಾನೇ ಅಂಟಿಸಿದ
ಹಳದಿ ಗೋಧಿತೆನೆಯ ಸ್ಟಿಕ್ಕರು.
ಈ ಸೀಸನ್ನಿನಲ್ಲಿ ಅವನ ಹದಿಮೂರನೆಯದು.

ನೆತ್ತರು ತಣ್ಣೀರಲ್ಲೇ ಹೋಗಬೇಕು. ಬಿಸಿನೀರು ಸೋಕಿತೋ
ನೂಲಿನೊಳಗೇ ಮನೆ ಮಾಡುತ್ತದೆ.
ಹುಲ್ಲಿನ ಹಸಿರಿಗೆ ವಿನೆಗರ್.
ಬಿದ್ದ ಎದುರಾಳಿಯನ್ನು ಕೈಕೊಟ್ಟು ಎತ್ತಿದವನ ತೋಳಿನಲ್ಲಿ
ಇನ್ನೊಬ್ಬರ ಬೆವರು, ಇನ್ನೊಬ್ಬರ ಮಣ್ಣು;
ಅದಕ್ಕೆ ಸಾದಾ ಸೋಪು ಸಾಕು.

ಸೋಮವಾರ ರಾತ್ರಿ ಆ ಬಿಳಿ ಜೆರ್ಸಿ ಹೊಲಿಯುತ್ತ ಕೂತಿದ್ದೆ.
ಯಾಕೆಂದು ಕೇಳಬೇಡಿ; ಹರಿದದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ.
ಬಾಗಿಲಲ್ಲಿ ಮಾರ್ಕೀಸ್. ಟೋಪಿ ತೆಗೆಯಲು ಮರೆತಿದ್ದ.
ಹೊಸ ಲೇಸು ಬೇಕು ಅಂದ. ಕೊಟ್ಟೆ. ಹೋಗಲಿಲ್ಲ.
ಬಿಸಿ ಡ್ರೈಯರಿಗೆ ಬೆನ್ನು ಕೊಟ್ಟು ಕೂತ,
ಆರೂಕಾಲಡಿಯ ದೇಹ, ಚಳಿಗೆ ಒಳಬಂದ ಬೆಕ್ಕಿನ ಹಾಗೆ.
"ಅವನದಾ?"
"ಹೂಂ."
"ಅವನ ಹೆಸರು?"
ಬೆನ್ನ ಮೇಲೆ ಬರೆದಿದೆಯಲ್ಲ, ನೋಡು ಅಂದೆ.
ತಿರುಗಿಸಿ ಓದಿದ. ತುಟಿ ಅಲುಗಿತು, ದನಿ ಬರಲಿಲ್ಲ.
ಆಮೇಲೆ ದಾರದ ತುದಿ ಹಿಡಿದುಕೊಂಡ
ನಾನು ಗಂಟು ಹಾಕುವ ತನಕ.
ಅಂಚೆಯ ಡಬ್ಬಕ್ಕೆ ಟೇಪು ಸುತ್ತಿದವನೂ ಅವನೇ,
ಬೇಕಾದ್ದಕ್ಕಿಂತ ಮೂರು ಸುತ್ತು ಹೆಚ್ಚು.
ಒಳಗೆ ಚೀಟಿ ಇಟ್ಟನೋ ಇಲ್ಲವೋ, ನಾನು ನೋಡಲಿಲ್ಲ.

ಶುಕ್ರವಾರ ಹೆಲ್ಮೆಟ್ಟು ಉಜ್ಜುವ ದಿನ.
ಐವತ್ತೆರಡರ ಮೇಲೆ ತೆನೆಗಳು ಹನ್ನೆರಡೇ.
ಹದಿಮೂರನೆಯದರ ಜಾಗದಲ್ಲಿ ಉಗುರು ಕೆರೆದ ಗುರುತು,
ಬೆರಳಿಗೆ ಹತ್ತುವ ಅಂಟು.
ಸ್ಪಿರಿಟ್ ಬಾಟಲಿ ಪಕ್ಕದಲ್ಲೇ ಇತ್ತು. ಮುಟ್ಟಲಿಲ್ಲ.

ಮುಂದಿನ ಶುಕ್ರವಾರ ಎಣಿಸಿದೆ:
ಇನ್ನೂ ಐದು ಹೆಲ್ಮೆಟ್ಟಿನಲ್ಲಿ ಒಂದೊಂದು ತೆನೆ ಇಲ್ಲ.
ಎಂಬತ್ತೆಂಟರಲ್ಲಿ ಆರು. ಅಷ್ಟೇ.
ಯಾವುದು ಯಾವ ಹೊಡೆತದ್ದೆಂದು ಅವರವರಿಗೇ ಗೊತ್ತು.
ಯಾರೂ ಓಡಿಸಿರಲಿಲ್ಲ ಅವರನ್ನು,
ಬೆಳಿಗ್ಗೆ ಐದೂವರೆಗೆ ಎಬ್ಬಿಸಿರಲಿಲ್ಲ.

ಕೋಚ್ ಬಂದ. ಐವತ್ತೆರಡನ್ನು ಟ್ಯೂಬ್‌ಲೈಟಿಗೆ ಹಿಡಿದ.
"ಏನಿದು ಆರ್ಡಿತ್, ಉದುರುತ್ತಿವೆಯಾ?"
"ಅಂಟು ಮೊದಲಿನ ಹಾಗಿಲ್ಲ, ಕೋಚ್."
ಬೇರೆ ಕಂಪನಿಯಿಂದ ತರಿಸು ಅಂತ ಹೇಳಿ ಹೋದ.

ಆ ಫಾರಮ್ಮು ಇನ್ನೂ ನನ್ನ ಡ್ರಾಯರಿನಲ್ಲೇ ಇದೆ,
ಸೂಜಿಡಬ್ಬಿಯ ಕೆಳಗೆ,
ಅರ್ಧ ತುಂಬಿ.